ಕೌದಿಗೆ ಎರಡು ತುತ್ತು

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಹಳಿಯಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಹೊಲಿಯುತ್ತ ಕೂತಿದ್ದೆ. ನನ್ನ ಮಗಳ ಮಗಳು ಹೊಸ್ತಿಲ ಮೇಲೆ ಬ್ಯಾಗು ಇಟ್ಟು, ಚಪ್ಪಲಿ ಸಮೇತ ನಿಂತು, "ಆಯಿ, ನಾ ಇನ್ನ ಓದಂಗಿಲ್ಲ. ಬಿಟ್ಟ ಬಂದೀನಿ" ಅಂದಳು.

"ಮೊದಲ ಚಪ್ಪಲಿ ಬಿಡು. ಓದೂದು ಉಂಡ ಮ್ಯಾಲೆ ಬಿಡೂವಂತಿ" ಅಂದೆ.

ಅವಳು ದೂರದ ಊರಿನ ಕಾಲೇಜೊಂದರಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಟರ್ಬೈನ್ ತಂಪು ಮಾಡುವ ವಿಷಯ ಅಂತ ಮೊದಲ ಸಲ ಹೇಳಿದಾಗ ನಾನು ಸೂಪಾ ಡ್ಯಾಮಿನದು ಅಂದುಕೊಂಡೆ. ನಮ್ಮ ಕಡೆಯವರಿಗೆ ಟರ್ಬೈನ್ ಅಂದರೆ ನೀರು ಬಿದ್ದು ತಿರುಗುವ ಚಕ್ರ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ, ಉಳವಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕೈ ಮಾಡಿ ಹೇಳಿದ್ದು ಅದನ್ನೇ. ಓಣಿಗೆಲ್ಲ ನಾನು, ಮೊಮ್ಮಗಳು ಡ್ಯಾಮಿನ ಚಕ್ರ ತಂಪು ಮಾಡುವುದನ್ನು ಕಲಿಯುತ್ತಾಳೆ ಅಂತ ಸಾರಿದೆ. ಪಕ್ಕದ ಮನೆಯಾಕೆ, "ತಣ್ಣೀರಾಗ ಮುಳುಗಿದ್ದನ್ನ ಮತ್ತೇನ್ ತಂಪ ಮಾಡ್ತಾರ್ರಿ?" ಅಂದಳು. ನನಗೂ ಹೌದೆನಿಸಿತು. ಸರಕಾರ ಏನೇನೋ ಓದಿಸುತ್ತದೆ ಅಂತ ಸುಮ್ಮನಾದೆ.

ಆಮೇಲೆ ದೀಪಾವಳಿಗೆ ಬಂದಾಗ ಅವಳೇ ಬಿಡಿಸಿ ಹೇಳಿದಳು. ಇದು ವಿಮಾನದ ಎಂಜಿನ್ನಿನ ಚಕ್ರ. ನೀರಿನಲ್ಲಿ ಅಲ್ಲ, ಬೆಂಕಿಯಂಥ ಗಾಳಿಯಲ್ಲಿ ತಿರುಗುತ್ತದೆ. ಆ ಕಾವಿಗೆ ಅದರ ರೆಕ್ಕೆಗಳು ಕರಗಿಹೋಗಬೇಕು. ಆದರೆ ರೆಕ್ಕೆಯ ಒಳಗೆ ಟೊಳ್ಳು ಇರುತ್ತದೆ, ಮೈತುಂಬ ಸಣ್ಣ ಸಣ್ಣ ತೂತು ಇರುತ್ತವೆ. ಒಳಗಿನಿಂದ ಬಿಟ್ಟ ತಂಪು ಗಾಳಿ ಆ ತೂತುಗಳಿಂದ ಹೊರಬಂದು ರೆಕ್ಕೆಯ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ.

"ಗಾಳೀದ ಕೌದಿ ಹೊಚ್ಚಿಕೊಂಡಂಗ, ಆಯಿ. ತೂತು ಎಲ್ಲಿರಬೇಕು, ಎಷ್ಟ ಓರೆ ಇರಬೇಕು, ಅದನ್ನ ಹುಡುಕೂದು ನನ್ನ ಕೆಲಸ."

"ಹೊಚ್ಚಿಕೊಂಡ್ರ ಸೆಕಿ ಆಗತೈತಿ. ತಂಪ ಹೆಂಗ ಆಗತೈತಿ?"

"ಹೊರಗ ಬೆಂಕಿ ಇದ್ರ ಕೌದಿನ ತಂಪು."

ಅಷ್ಟು ತಿಳಿಯಿತು ನನಗೆ. ಅದಕ್ಕಿಂತ ಹೆಚ್ಚು ಇವತ್ತಿಗೂ ತಿಳಿದಿಲ್ಲ.

ಬ್ಯಾಗು ಹೊತ್ತು ಬಂದ ಆ ದಿನ ಉಂಡ ಮೇಲೆ ಹೇಳಿದಳು, ಯಾಕೆ ಬಿಟ್ಟು ಬಂದೆ ಅಂತ. ಕಂಡುಹಿಡಿದದ್ದನ್ನು ಬರೆದು ಅಚ್ಚು ಹಾಕಿಸುವುದು ಅವರ ಪದ್ಧತಿ. ಮೇಲೆ ಹೆಸರುಗಳು ಇರುತ್ತವೆ. ಅವುಗಳಲ್ಲಿ ಮೊದಲ ಹೆಸರು ದುಡಿದವರದು, ಕೊನೆಯ ಹೆಸರು ಗುರುಗಳದು. ಈ ಲೇಖನಕ್ಕೆ ವರ್ಷಗಟ್ಟಲೆ ದುಡಿದವಳು ಇವಳು. ಎಲ್ಲ ಮುಗಿಯುವ ಹೊತ್ತಿಗೆ, ಬರೀ ಚಿತ್ರ ಬಿಡಿಸಿಕೊಟ್ಟ ಇನ್ನೊಬ್ಬ ಹಿರಿಯ ವಿದ್ಯಾರ್ಥಿಯ ಹೆಸರನ್ನು ಗುರುಗಳು ಮೊದಲಿಗೆ ಹಾಕಿದ್ದರು. ಅವನಿಗೆ ನೌಕರಿಗೆ ಬೇಕಾಗಿತ್ತಂತೆ. ಇವಳು ಎರಡನೆಯವಳಾದಳು. ಅಚ್ಚಿಗೆ ಕಳಿಸುವ ಮೊದಲು ಎಲ್ಲರೂ ಒಪ್ಪಿಗೆ ಕೊಡಬೇಕು. ಮರುದಿನದೊಳಗೆ ಇವಳೂ ಹೂಂ ಅನ್ನಬೇಕಿತ್ತು.

"ಹೆಸರ ಅಂತೂ ಐತೆಲಾ. ಎರಡನೇದಾದ್ರ ಏನಾತು?" ಅಂದೆ.

"ನಿನಗ ತಿಳಿಯಂಗಿಲ್ಲ ಬಿಡು." ಗೋಡೆ ಕಡೆ ಮುಖ ಮಾಡಿ ಮಲಗಿದಳು.

ನಾನು ಮತ್ತೆ ಸೂಜಿ ಹಿಡಿದೆ. ಆ ಕೌದಿ ಅವಳ ಹಾಸ್ಟೆಲಿಗೇ. ಅವಳವ್ವನ ಹಸಿರು ಸೀರೆ ಮೇಲೆ, ನನ್ನ ಗಂಡನ ಧೋತರ ಒಳಗೆ, ನಡುವೆ ಅವಳ ಶಾಲೆಯ ನೀಲಿ ಲಂಗದ ತುಂಡುಗಳು. ಒಂದು ಮೂಲೆ ಮಾತ್ರ ಉಳಿದಿತ್ತು. ನಮ್ಮಲ್ಲಿ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ರೊಟ್ಟಿಯ ಒಂದು ಚೂರು ಇಡುತ್ತೇವೆ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು. ಆ ತುತ್ತು ಇಡುವುದು ಮನೆಯ ಹಿರಿಯಳ ಕೈ. ನಮ್ಮ ಮನೆಗೆ ಹಿರಿಯಳು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಮುಂಡಗೋಡದ ಆಚೆ ಪಾಳಾದಲ್ಲಿ ಮಗನ ಹತ್ತಿರ ಇರುತ್ತಾಳೆ. ಕೌದಿ ಮೂಲೆಗೆ ಬಂತು ಅಂತ ಫೋನ್ ಮಾಡಿದರೆ ಬಸ್ಸು ಹತ್ತಿ ಬರುತ್ತಾಳೆ. ತುತ್ತು ಇಡುತ್ತಾಳೆ, ಚಹಾ ಕುಡಿಯುತ್ತಾಳೆ. ಆಮೇಲೆ ಅದು ದೊಡ್ಡಾಯಿಯ ಕೌದಿ. ನಾನು ಹೊಲಿದವೆಲ್ಲ ನಮ್ಮ ಬಳಗದಲ್ಲಿ ಅವಳ ಹೆಸರಲ್ಲೇ ಇವೆ.

ಆ ಮಧ್ಯಾಹ್ನವೂ ಬಂದಳು. ಒಳಗೆ ಕಾಲಿಡುವಾಗಲೇ, "ಎಲ್ಲಿ ಐತಿ ನನ್ನ ಕೌದಿ?" ಅಂದಳು.

ಮಲಗಿದ್ದ ಹುಡುಗಿ ಎದ್ದು ಕೂತಳು. "ದೊಡ್ಡಾಯಿ, ಇದಕ್ಕ ನೀ ಒಂದರ ಹೊಲಿಗಿ ಹಾಕೀಯೇನ?"

"ನನಗ ಸೂಜಿ ಕಣ್ಣ ಎಲ್ಲಿ ಕಾಣತೈತಿ? ಹಾಕಾಕ ನಿಮ್ಮಾಯಿ ಅದಾಳಲಾ."

"ಮತ್ತ ನಿನ್ನ ಕೌದಿ ಹೆಂಗಾತು?"

"ತುತ್ತ ಯಾರದು? ನಂದು. ನಿಮ್ಮ ಕಾಲೇಜಿನ್ಯಾಗ ಬ್ಯಾರೆ ಪದ್ಧತಿ ಐತೇನು?"

ಹುಡುಗಿ ಜೋರಾಗಿ ನಕ್ಕಳು. "ಇಲ್ಲ ದೊಡ್ಡಾಯಿ, ಅಲ್ಲೂ ಇದ ಐತಿ" ಅಂದಳು. ನಗುತ್ತಿದ್ದವಳು ಹಾಗೇ ಅಳತೊಡಗಿದಳು. ನನ್ನ ನೆಗೆಣ್ಣಿ ರೊಟ್ಟಿ ಚೂರು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. "ಏ, ನಾ ಏನಂದೆ ಈಗ?"

"ನೀ ಏನೂ ಅಂದಿಲ್ಲಕ್ಕ. ತುತ್ತ ಇಡು" ಅಂದೆ. ಇಟ್ಟಳು. ನಾನು ಮೂಲೆ ಮುಚ್ಚಿ ಹೊಲಿದೆ.

ಸಂಜೆ ಹೊರಗಿನ ಕಟ್ಟೆಯ ಮೇಲೆ ಹುಡುಗಿಯ ಪಕ್ಕ ಕೂತೆ. "ಎರಡನೇ ಹೆಸರಿಗೆ ಇಷ್ಟ್ಯಾಕ ಅಳೂದು? ನನಗ ತಿಳಿಯೂ ಹಂಗ ಹೇಳು."

ಅವಳ ಖೋಲಿಯಲ್ಲಿರುವ ಗೆಳತಿ ಓದುವುದೇ ಈ ಹೆಸರುಗಳ ವಿಷಯವಂತೆ. ಯಾರ ಹೆಸರು ಎಲ್ಲಿ ಕೂತಿದೆ, ಯಾರ ಕೆಲಸವನ್ನು ಯಾರು ತಮ್ಮ ಬರಹದಲ್ಲಿ ಹೇಳುತ್ತಾರೆ ಅನ್ನುವುದು. ಕೆಲವರು ತಮ್ಮ ತಮ್ಮವರನ್ನೇ ಹೇಳಿಕೊಳ್ಳುತ್ತಾರಂತೆ. ಇವನು ಅವನನ್ನು, ಅವನು ಇವನನ್ನು.

"ಲಗ್ನದಾಗ ಖಣ ಕೊಟ್ಟಂಗ" ಅಂದೆ. ಚಿಗಳ್ಳಿಯ ಒಂದು ಮದುವೆಯಲ್ಲಿ ನಾನು ಕೊಟ್ಟ ಕುಬಸದ ಖಣ ಎಷ್ಟೋ ಮನೆ ತಿರುಗಿ, ನನ್ನ ಮಗಳ ಸೀಮಂತಕ್ಕೆ ನನ್ನ ಉಡಿಗೇ ಬಂದು ಬಿತ್ತು. ಅಂಚಿಗೆ ನನ್ನದೇ ಅರಿಶಿನದ ಬೆರಳಿನ ಕಲೆ ಇತ್ತು. ಅದನ್ನು ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮತ್ತ ನಿನ್ನ ಹೆಸರ ಹೇಳೋವಾಗ?"

"ಮೊದಲಿನ ಹೆಸರೊಂದು ಬರೀತಾರ. ಉಳಿದವರಿಗೆ 'ಮತ್ತು ಇತರರು' ಅಂತಾರ. ನಾ ಇತರರು, ಆಯಿ."

ಆಗ ತಿಳಿಯಿತು ನನಗೆ. ನನ್ನ ಓದು ಬಸ್ಸಿನ ಬೋರ್ಡು ಓದುವಷ್ಟು. ಆದರೂ ಇವಳವ್ವನ ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಬೆರಳಿಟ್ಟು ಅಕ್ಷರ ಅಕ್ಷರ ಓದಿದ್ದೆ. ಮೇಲೆ ದೇವರು. ಆಮೇಲೆ ತೀರಿಹೋದ ನನ್ನ ಮಾವ. ಭಾವ, ನನ್ನ ಗಂಡ, ಭಾವನ ಗಂಡುಮಕ್ಕಳು, ಇನ್ನೂ ಚಡ್ಡಿ ಹಾಕುತ್ತಿದ್ದ ಅವರ ಹುಡುಗರು. ಹೆತ್ತವಳು ಸಿಗಲಿಲ್ಲ. ಕೆಳಗೆ 'ಮತ್ತು ಬಂಧುಬಳಗದವರು' ಅಂತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ.

"ನಿನಗ ಏನೂ ಅನಿಸಲಿಲ್ಲೇನ?"

"ಅನಿಸಾಕ ಪುರಸೊತ್ತ ಎಲ್ಲಿತ್ತು? ಮಾಳಿಗಿ ಮ್ಯಾಲೆ ಶಾವಿಗಿ ಒಣ ಹಾಕಿದ್ದೆ. ಕಾಗಿ ಬಂದಿದ್ದವು."

ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟಳು. ಮುದ್ದು ಮಾಡುವುದು ನನಗೆ ಬರುವುದಿಲ್ಲ. ಕೂದಲೆಲ್ಲ ಬಸ್ಸಿನ ಧೂಳು. "ಈ ತಲಿ ಎಣ್ಣಿ ಕಂಡು ಯಾವ ಕಾಲ ಆತು?" ಅಂತ ಬೈದು, ಎಣ್ಣೆ ತಂದು ತಟ್ಟತೊಡಗಿದೆ. ತಟ್ಟುತ್ತಲೇ ಹೇಳಿದೆ, "ಹೂಂ ಅನಬ್ಯಾಡ."

"ಸರ್ ಸಿಟ್ಟಾಗ್ತಾರ."

"ಆಗಲಿ. ಕೊನೀ ಹೆಸರ ಅವರದು, ಅದು ಹಿರ್ಯಾರದು, ಇರಲಿ. ಮೊದಲಿಂದ ಬಿಟ್ಟ ಕೊಡಬ್ಯಾಡ. ಓದೂದ ಬಿಟ್ಟ ಇಲ್ಲಿ ಬಂದ ಕೂತ್ರ ಇತರರೊಳಗೂ ಇರಂಗಿಲ್ಲ ನೀ."

"ಹೆದರಿಕಿ ಬರತೈತಿ, ಆಯಿ."

"ಬರಲಿ. ಹೆದರಕೋತನ ಬರಿ."

ಗುರುಗಳಿಗೆ ಫೋನಿನಲ್ಲಿ ಬರೆದು, ನನಗೆ ಕನ್ನಡದಲ್ಲಿ ಹೇಳಿದಳು. ಈ ಕೆಲಸ ನಾನು ಮಾಡಿದ್ದು, ನನ್ನ ಹೆಸರು ಮೊದಲು ಇರಬೇಕು, ಇಲ್ಲದಿದ್ದರೆ ನನ್ನ ಒಪ್ಪಿಗೆ ಇಲ್ಲ. ಅಷ್ಟಕ್ಕೆ ಸಾಲುಸಾಲಿಗೂ ಕ್ಷಮಿಸಿ ಅಂತ ಇತ್ತು. "ಏನ್ ಕಳುವು ಮಾಡೀ ಅಂತ ಕ್ಷಮಾ? ಅದನ್ನ ತಗಿ" ಅಂದೆ. ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆದಳು. ಎಣ್ಣೆ ಬೆರಳಿನಿಂದ ಕಳಿಸಿದಳು.

ಗುರುಗಳು ಬಹಳ ದಿನ ಇವಳ ಜೊತೆ ಮಾತಾಡಲಿಲ್ಲವಂತೆ. ಕೊನೆಗೆ ಇವಳ ಹೆಸರೇ ಮೊದಲು ಅಚ್ಚಾಯಿತು. ಆ ಹಾಳೆ ತಂದು ತೋರಿಸಿದಾಗ, ಇಂಗ್ಲಿಷು ಬರದಿದ್ದರೂ ಬೆರಳಿಟ್ಟು ಮುಟ್ಟಿದೆ. ಆದರೆ ಆ ಸಂಜೆ ಇದಾವುದೂ ನಮಗೆ ಗೊತ್ತಿರಲಿಲ್ಲ. ಉತ್ತರ ಬಂದಿರಲಿಲ್ಲ. ಬೆಳಗಿನ ಬಸ್ಸಿಗೆ ವಾಪಸು ಹೋಗುತ್ತೇನೆ ಅಂದು, ಹೊಸ ಕೌದಿ ಹೊದ್ದು ಮಲಗಿದಳು.

ಮರುದಿನ ಬೆಳಿಗ್ಗೆ ಎದ್ದು ಅವಳ ಬುತ್ತಿಗೆ ರೊಟ್ಟಿ ಬಡಿದೆ. ಮೊದಲ ರೊಟ್ಟಿಯ ಅಂಚು ಮುರಿದುಕೊಂಡು, ಸೂಜಿ ತಗೊಂಡು, ಮಲಗಿದ್ದ ಹುಡುಗಿಯ ಕಾಲ ಕಡೆ ಕೂತೆ. ನಿನ್ನೆ ಮುಚ್ಚಿದ ಮೂಲೆಯ ಹೊಲಿಗೆ ಬಿಚ್ಚಿದೆ. ನನ್ನ ನೆಗೆಣ್ಣಿ ಇಟ್ಟ ಚೂರು ಒಳಗೆ ಒಣಗಿಕೊಂಡಿತ್ತು. ಅದನ್ನು ತೆಗೆಯಲಿಲ್ಲ. ಪಕ್ಕದಲ್ಲಿ ನನ್ನದನ್ನು ಇಟ್ಟೆ.

ರಾತ್ರಿ ನಮ್ಮಲ್ಲೇ ಉಳಿದಿದ್ದ ನೆಗೆಣ್ಣಿ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏನ್ ಮಾಡಾಕತ್ತೀ ಅಲ್ಲಿ?"

"ನನ್ನ ತುತ್ತ ಇಡಾಕತ್ತೀನಿ."

"ಎರಡ ಇಟ್ರ ಇಲಿ ಬರ್ತಾವ."

"ಒಂದಿದ್ರೂ ಬರ್ತಾವಕ್ಕ."

ಅವಳು ಮುಖ ತೊಳೆಯಲು ಹೋದಳು. ನಾನು ಮೂಲೆಯನ್ನು ಗಟ್ಟಿ ದಾರದಿಂದ ಮತ್ತೆ ಹೊಲಿದು, ಹುಡುಗಿಯ ಪಾದ ಹಿಡಿದು ಅಲುಗಾಡಿಸಿ, ಬಸ್ಸಿಗೆ ಹೊತ್ತಾಯಿತು ಏಳು ಅಂತ ಎಬ್ಬಿಸಿದೆ.