ಯಾಕೆ ಎಂದು ಕೇಳುತ್ತಿದ್ದ ನರ್ಸಮ್ಮ

ಮಧುಗಿರಿಯ ಆಸ್ಪತ್ರೆಯಲ್ಲಿದ್ದ ಆ ನರ್ಸಮ್ಮ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಔಷಧಿಯ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಸೂಜಿ ಚುಚ್ಚುತ್ತಿದ್ದರು. ನಮ್ಮ ಮಾತುಗಳಿಗೂ ಅದೇ ತಪಾಸಣೆ. “ಯಾಕೆ ಅಂತ ಕೇಳ್ಬೇಕು ಕಣಮ್ಮ” ಎನ್ನುತ್ತಿದ್ದರು.

ನನ್ನ ಮೊದಲ ಮಗು ಹುಟ್ಟುದೋಷದಿಂದ ವರ್ಷದೊಳಗೆ ತೀರಿಕೊಂಡಿತ್ತು. ಎಂಬತ್ತರ ದಶಕದಲ್ಲಿ, ಎರಡನೆಯ ಬಸಿರಾದಾಗ, ಡಾಕ್ಟರು ಬೆಂಗಳೂರಿಗೆ ಪತ್ರ ಬರೆದುಕೊಟ್ಟರು. ಅಲ್ಲಿ ಗರ್ಭದ ನೀರು ತೆಗೆದು ಪರೀಕ್ಷಿಸಿದರೆ ದೋಷವಿದೆಯೇ ಎಂದು ಮೊದಲೇ ತಿಳಿಯುತ್ತಿತ್ತು. ನಾನಿನ್ನೂ ಯೋಚಿಸುತ್ತಿದ್ದೆ. ಅತ್ತೆ ಆಗಲೇ ಒಪ್ಪಿಬಿಟ್ಟಿದ್ದರು.

ನರ್ಸಮ್ಮ ಕನ್ನಡಕದ ಮೇಲಿಂದ ಅತ್ತೆಯನ್ನು ನೋಡಿದರು. “ಧನುರ್ವಾಯು ಇಂಜೆಕ್ಷನ್ನೇ ಬ್ಯಾಡ ಅಂದೋರು ನೀವು. ಇದಕ್ಕೆಂಗೆ ಹೂಂ ಅಂದ್ಬುಟ್ರಿ?”

“ಮಗೀಗೆ ಒಳ್ಳೇದಾಗ್ಲಿ ಅಂತ ಕಣ್ ನರ್ಸಮ್ಮ.”

“ಮಗೀಗೆ ಏನಾರ ದೋಸ ಐತೆ ಅಂದ್ರೆ?”

“ದ್ಯಾವ್ರು ಕೊಟ್ಟಿದ್ದು, ಸಾಕ್ತೀವಿ.”

“ಹೆಣ್ಣು ಅಂದ್ರೆ? ಅದ್ನೂ ಹೇಳ್ತಾರಂತೆ ಅಲ್ಲಿ.”

ಅತ್ತೆ ಸೆರಗು ಸರಿಮಾಡಿಕೊಂಡರು.

ನರ್ಸಮ್ಮ ಪತ್ರವನ್ನು ನನ್ನ ಕೈಗಿಟ್ಟು, ಅತ್ತೆಯ ಎದುರಿಗೇ ಹೇಳಿದರು: “ಹೋಗೋದಾದ್ರೆ ಇವ್ರನ್ನ ಕರ್ಕೊಂಡು ಹೋಗ್ಬ್ಯಾಡ.”

ತವರಿಗೆಂದು ಹೇಳಿ ಅಕ್ಕನ ಜೊತೆ ಬೆಂಗಳೂರಿಗೆ ಹೋದೆ. ದೋಷದ ವಿಷಯ ಮಾತ್ರ ತಿಳಿಸಿ, ಬೇರೇನೂ ಬೇಡ ಎಂದು ಅಲ್ಲಿ ಬರೆದುಕೊಟ್ಟೆ. ಕೆಲವು ವಾರಗಳ ನಂತರ, ದೋಷವಿಲ್ಲ ಎಂದು ಉತ್ತರ ಬಂತು. ಅದನ್ನು ನರ್ಸಮ್ಮನಿಗೆ ತೋರಿಸಿದೆ.

“ಗಂಡೋ ಹೆಣ್ಣೋ ಅಂತ ನೀನೂ ಕೇಳಿಬುಟ್ಯಾ?”

“ಇಲ್ಲ.”

ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನ ಕೈ ಹಿಡಿದು, ಬರಿಯ ಮಾತು ಸಾಲದೆಂಬಂತೆ, ನಾಡಿ ಎಣಿಸತೊಡಗಿದರು.