ಘಾಟಿಗೊಂದು ಜಾಗ

ಶತ್ರುವನ್ನು ಎದುರಿಸಲು ಗಿಡವು ತನ್ನ ಎಲೆಯಲ್ಲಿ ಏನನ್ನು ಕೂಡಿಟ್ಟುಕೊಳ್ಳುತ್ತದೆ, ಅದಕ್ಕೆ ಮಣ್ಣಿನ ಕೊಡುಗೆಯೇನು ಎಂಬ ಪ್ರಶ್ನೆಯನ್ನು ತರಕಾರಿ ಬೆಳೆಗಾರರ ಬದುವಿಗೇ ಒಯ್ದು ಕೇಳಿದ ಕೆಲವೇ ವಿಜ್ಞಾನಿಗಳಲ್ಲಿ ಡಾ. ಅನಂತಲಕ್ಷ್ಮಿಯವರು ಅಗ್ರಗಣ್ಯರು. ಈ ವರ್ಷ, 1989ರಲ್ಲಿ, ಅವರು ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಶಿಷ್ಯನಾದ ನನಗೆ ಒದಗಿದೆ. ಹೊಗಳಿದರೆ ಮೇಡಂ ಅವರಿಗೆ ಮೂಗಿನ ತುದಿಯಲ್ಲೇ ಕೋಪ; ಆದ್ದರಿಂದ ಅವರು ಸೋತ ಕಥೆಯನ್ನೇ ಹೇಳುತ್ತೇನೆ.

ಎಲೆಕೋಸು, ಸಾಸಿವೆ ಸೊಪ್ಪುಗಳ ಘಾಟು ಗಂಧಕ ಸೇರಿದ ಕೆಲವು ರಾಸಾಯನಿಕಗಳಿಂದ ಬರುವಂಥದ್ದು. ಹುಳುಹುಪ್ಪಟೆಗಳ ಪಾಲಿಗೆ ಅದು ಗಿಡವೇ ತಯಾರಿಸಿದ ವಿಷ. ಯೂರಿಯಾ ಅತಿಯಾದರೆ ಎಲೆ ಕೊಬ್ಬಿ ಘಾಟು ಇಳಿಯುತ್ತದೆ, ಗಂಧಕವಿರುವ ಜಿಪ್ಸಂ ಹಾಕಿದರೆ ಏರುತ್ತದೆ ಎಂಬುದನ್ನು ಮೇಡಂ ಕುಂಡಗಳಲ್ಲಿ ಬೆಳೆಸಿ ತೋರಿಸಿದ್ದರು. ಪ್ರಯೋಗಾಲಯದ ಪರೀಕ್ಷೆ ಮುಗಿದ ಮೇಲೂ ನಾವೆಲ್ಲ ಹಸಿ ಎಲೆ ಅಗಿದು ನೋಡಲೇಬೇಕೆಂಬುದು ಅವರ ಕಟ್ಟಳೆ. ಅವರು ಅಕ್ಕರೆಯಿಂದ ನನಗೆ ತಿನ್ನಿಸಿದ ಸೊಪ್ಪಿನಲ್ಲಿ ಒಂದು ಹಸುವನ್ನು ಸಾಕಬಹುದಿತ್ತು.

1984ರಲ್ಲಿ ಸುಂಕದಕಟ್ಟೆಯ ಅಂಜಿನಯ್ಯನವರು ಮೇಡಂ ಅವರನ್ನು ಹುಡುಕಿಕೊಂಡು ಬಂದರು. ಅವರು ಪೀಣ್ಯದಲ್ಲಿ ಕಾರ್ಖಾನೆ ಕೆಲಸಗಾರರಾದ್ದರಿಂದ ಕೋಸಿನ ಹೊಲದ ದುಡಿಮೆ ಪತ್ನಿ ರಾಮಮ್ಮನವರ ಪಾಲಿಗಿತ್ತು. ಔಷಧಿ ಹೊಡೆಯುತ್ತಿದ್ದಾಗ ಆಕೆ ತಲೆಸುತ್ತಿ ಬಿದ್ದು, ಆಸ್ಪತ್ರೆ ಸೇರಿ, ಹೇಗೋ ಉಳಿದು ಬಂದಿದ್ದರು.

“ಔಷ್ದಿ ಇಲ್ದೆ ಕೋಸು ಬೆಳೆಯೋ ದಾರಿ ಇದ್ರೆ ತೋರ್ಸಿ ಮೇಡಂ. ಇನ್ನೊಂದ್ಸಲ ಬಿದ್ರೆ ಇವ್ಳು ಏಳಲ್ಲ,” ಎಂದರು ಅಂಜಿನಯ್ಯ.

ಮೇಡಂ ಮಾತು ಕೊಟ್ಟರು. ಯೂರಿಯಾ ತಗ್ಗಿಸಿ, ಕೊಟ್ಟಿಗೆ ಗೊಬ್ಬರದೊಂದಿಗೆ ಜಿಪ್ಸಂ ಹಾಕಿಸಿದರು. ಘಾಟೇನೋ ಏರಿತು, ಸಸ್ಯಹೇನೂ ಹಿಮ್ಮೆಟ್ಟಿತು. ಆದರೆ ಕೋಸನ್ನೇ ನಂಬಿ ಬದುಕುವ ಪುಟ್ಟ ಹಸಿರು ಹುಳುವಿನ ಚಿಟ್ಟೆಗಳು ಆ ಘಾಟನ್ನೇ ಊಟದ ಕರೆಯೆಂದು ತಿಳಿದು ದಂಡೆತ್ತಿ ಬಂದು ಮೊಟ್ಟೆಯಿಟ್ಟವು, ಎಲೆಗಳೆಲ್ಲ ಜರಡಿಯಾದವು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ರಾಮಮ್ಮ ಸೆರಗನ್ನು ಮೂಗಿಗೆ ಬಿಗಿದುಕೊಂಡು ಔಷಧಿಯ ಪಂಪಿಗೆ ಕೈಹಾಕಿದರು.

ಬೇರೆಯವರಾಗಿದ್ದರೆ ಹವಾಮಾನವನ್ನು ದೂರಿ ಬಸ್ಸು ಹತ್ತುತ್ತಿದ್ದರು. ಮೇಡಂ ಮಾತ್ರ ನೆರೆಹೊರೆಯ ಬೆಳೆಗಾರರೆಲ್ಲ ನಿಂತಿದ್ದಂತೆಯೇ, “ತಪ್ಪು ನಂದೇ ರಾಮಮ್ಮ. ಆ ಪಂಪು ಕೆಳಗಿಡಿ, ಇನ್ನೊಂದ್ಸಲ ನೋಡ್ತೀನಿ,” ಎಂದು ಸಾಲುಸಾಲಾಗಿ ಎಲೆ ಅಗಿಯುತ್ತಾ ಹೊರಟರು. ಒಗ್ಗರಣೆಗೆ ಆದೀತೆಂದು ರಾಮಮ್ಮ ಬದುವಿನಲ್ಲಿ ಎರಚಿದ್ದ ಸಾಸಿವೆಯ ಬಳಿ ಅವರು ಗಕ್ಕನೆ ನಿಂತರು. ಸಾಸಿವೆಯ ಮೇಲೆ ಹುಳು ಕಿಕ್ಕಿರಿದಿತ್ತು. ಅದರ ಪಕ್ಕದ ಕೋಸು ಅಷ್ಟಾಗಿ ಕೆಟ್ಟಿರಲಿಲ್ಲ. ಒಂದು ಸಾಸಿವೆ ಎಲೆ ಅಗಿದು, ಕಣ್ಣಲ್ಲಿ ನೀರು ತುಂಬಿಕೊಂಡೇ, “ಘಾಟು ಸರಿಯಾಗೇ ಇದೆ ಕಣೋ. ನಾವು ಕೊಟ್ಟ ಜಾಗ ತಪ್ಪು,” ಎಂದು ನನ್ನತ್ತ ತಿರುಗಿದರು.

ಆ ಬೆಳೆ ದನಗಳ ಪಾಲಾಯಿತು. ಮುಂದಿನ ಬೆಳೆಗೆ ಕೋಸಿನ ನಡುನಡುವೆ ಸಾಸಿವೆ ಸಾಲು ಬಿತ್ತಿಸಿ, ಜಿಪ್ಸಮ್ಮನ್ನು ಸಾಸಿವೆಗೆ ಮಾತ್ರ ಉಣಿಸಿದರು. ಚಿಟ್ಟೆಗಳು ಅತ್ತಲೇ ಎರಗಿದವು. ಹುಳು ಮುತ್ತಿದ ಸಾಸಿವೆಯನ್ನು ಆಗಾಗ ಕಿತ್ತು ಹೂಳಿದೆವು. ಪಂಪು ಕೊಟ್ಟಿಗೆಯಿಂದ ಹೊರಬರಲೇ ಇಲ್ಲ.

ಕೊಯ್ಲಿನ ದಿನ ರಾಮಮ್ಮ ನಮಗೆ ಮುದ್ದೆ, ಕೋಸಿನ ಪಲ್ಯ ಬಡಿಸಿದರು. ನಮಗಿಂತ ಮೊದಲು ತಮ್ಮ ಮಗಳ ತಟ್ಟೆಗೆ ಬಡಿಸಿ, “ಇಷ್ಟು ವರ್ಷ ಬೆಳ್ದು ಪ್ಯಾಟೆಗೆ ಕಳ್ಸಿದ್ವಿ ಮೇಡಂ. ನಮ್ಮನೇಲಿ ಒಂದಿನಾನೂ ಬೇಯಿಸ್ಲಿಲ್ಲ. ಭಯ,” ಎಂದರು. ಅಷ್ಟು ಘಾಟಿನ ಎಲೆಗಳನ್ನು ಅರಗಿಸಿಕೊಂಡ ಮೇಡಂ ಆ ಸಪ್ಪೆ ಪಲ್ಯಕ್ಕೆ ಅತ್ತುಬಿಟ್ಟರು.

ಲಗ್ಗೆರೆಯ ಬೈರಯ್ಯನವರು ನಿವೃತ್ತಿಯ ಮರುದಿನಕ್ಕೇ ಮೇಡಂ ಅವರನ್ನು ತಮ್ಮ ನವಿಲುಕೋಸಿನ ಹೊಲಕ್ಕೆ ಕರೆದಿದ್ದಾರಂತೆ. ನಮ್ಮ ಗುರುಗಳಿಗೆ ಪೂರ್ಣಾಯುಷ್ಯ, ಗಟ್ಟಿ ಕಾಲು, ಗಟ್ಟಿ ಹಲ್ಲು ಇರಲಿ. ತಾವು ಬೆಳೆದದ್ದನ್ನು ತಮ್ಮ ಮಕ್ಕಳಿಗೆ ಉಣಿಸಲು ಹೆದರುವ ತಾಯಂದಿರು ಇನ್ನೂ ಇದ್ದಾರೆ.