ಐರಣಿಯ ಹೊಳೆ ದಾಟಿದ ಎರಡು ಕಥೆ

ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುವ ಸದ್ದು ಎಲ್ಲಿಯಾದರೂ ಕಿವಿಗೆ ಬಿದ್ದರೆ ಈಗಲೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆಗೆ ಅದೇ ಸದ್ದು, ಜೊತೆಗೆ ಲವಂಗದ ಘಮ, ಹೊರಗಿನಿಂದ ಮೆಣಸಿನಕಾಯಿಯ ಘಾಟು. ಅಬ್ಬಾನ ತಾಯಿ ದಾದಿ, ಅಮ್ಮಿಯ ತಾಯಿ ನಾನಿ, ಹಲ್ಲು ಬಿದ್ದ ಇಬ್ಬರಿಗೂ ಒಂದೇ ಕುಟ್ಟಾಣಿ. ಹೇಳುವ ಕಥೆಯೂ ಒಂದೇ: ಮದುಮಗಳಾದ ಅಮ್ಮಿಯನ್ನು ಐರಣಿಯ ಹತ್ತಿರ ಹರಿಗೋಲಿನಲ್ಲಿ ಹೊಳೆ ದಾಟಿಸಿ ತಂದದ್ದು. ದಾದಿಯ ಪ್ರಕಾರ ಅಂದು ತುಂಗಭದ್ರೆ ತಟ್ಟೆಯ ನೀರಿನಂತೆ ನಿಂತಿತ್ತು. ನಾನಿಯ ಪ್ರಕಾರ ಹೊಳೆ ದಂಡೆ ತುಂಬಿ, ಹರಿಗೋಲು ಗಿರಗಿರ ತಿರುಗಿತ್ತು. ಮುಸುಕಿನೊಳಗಿದ್ದ ಅಮ್ಮಿಗೆ ಏನೂ ಕಂಡಿರಲಿಲ್ಲವಂತೆ. ಯಾರದು ನಿಜ ಎಂದು ನಾವು ಕೇಳಿದರೆ ಅಮ್ಮಿ ಕಣ್ಣಲ್ಲೇ ಗದರಿಸಿ, “ಇಬ್ಬರದೂ ಖರೇನ” ಎನ್ನುತ್ತಿದ್ದಳು. ಇಬ್ಬರು ಬೀಗತಿಯರು ಒಂದೇ ಸೂರಿನಡಿ ಬಾಳಬೇಕಾದ ಮನೆಯಲ್ಲಿ ಬೇರೆ ಉತ್ತರವಾದರೂ ಎಲ್ಲಿತ್ತು?

ಆ ಉತ್ತರವನ್ನೇ ನನ್ನ ಅಕ್ಕ, ನಾವು ಕರೆಯುತ್ತಿದ್ದಂತೆ ಆಪಾ, ಹಾವೇರಿಯ ಕಾಲೇಜಿನ ಇಂಗ್ಲಿಷ್ ಪರೀಕ್ಷೆಗೂ ಹೊತ್ತೊಯ್ದಳು. ಎರಡು ಬರಹ ಕೊಟ್ಟು ಹೋಲಿಸಿ ಎಂದಿದ್ದರು. ಎರಡೂ ಬಹಳ ಚೆನ್ನಾಗಿವೆ, ಬರೆದವರಿಬ್ಬರೂ ದೊಡ್ಡವರು ಎಂದು ಪುಟ ತುಂಬಿಸಿ ನಪಾಸಾದಳು. ಮರುಪರೀಕ್ಷೆಯಲ್ಲೂ ಹೋದರೆ ಕಾಲೇಜು ಸಾಕು, ನಿಕಾಹ್ ಮಾಡಿಬಿಡುವುದೇ ಎಂದರು ಅಬ್ಬಾ. ಆಪಾ ಸರಿಯಾಗಿ ಉಣ್ಣುವುದನ್ನೇ ಬಿಟ್ಟಳು.

ರಾಣೆಬೆನ್ನೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಚಾಚಾ, ಅಬ್ಬಾನ ತಮ್ಮ, ರವಿವಾರ ಬಂದು ಪಾಠ ಹೇಳತೊಡಗಿದರು. “ಎರಡೂ ಚೊಲೋ ಅಂದ್ರ ಯಾರಿಗೆ ಏನ್ ತಿಳೀತು? ಯಾರು ಎಲ್ಲಿ ನಿಂತು ಹೇಳಾಕತ್ತಾರ, ಅವರ ಕಣ್ಣು ಯಾವುದರ ಮ್ಯಾಲೈತಿ, ಅದನ್ನ ನೋಡು. ಎರಡನ್ನೂ ಕೂಡೇ ಹಿಡಿ” ಎಂದರು. ಆಪಾಳ ತಲೆಗೆ ಹತ್ತಲಿಲ್ಲ. ಕೊನೆಗೊಮ್ಮೆ ಚಾಚಾ ಪುಸ್ತಕ ಮುಚ್ಚಿ, ಅಜ್ಜಿಯರ ಕಡೆ ಕೈ ತೋರಿಸಿ, “ಹೊಳಿ ಕಥಿ ಹೋಲಿಸು” ಎಂದುಬಿಟ್ಟರು. ಅಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕೈಯಾಡಿಸಿದಳು.

ಆಪಾ ಅಜ್ಜಿಯರ ಕಡೆ ತಿರುಗಿ ಕುಳಿತಳು. ಆಮೇಲೆ ಹೇಳಿದಳು: “ದಾದಿ ಹರಗೋಲದಾಗ ಕುಂತು ಈ ಕಡಿ ದಂಡಿ ನೋಡಾಕತ್ತಿದ್ಲು. ನಾನಿ ಆ ದಂಡಿ ಮ್ಯಾಲೆ ನಿಂತು, ಹೋಗೂ ಹರಗೋಲ ನೋಡಾಕತ್ತಿದ್ಲು. ಒಬ್ಬಾಕಿಗೆ ಸೊಸಿ ಬಂದ್ಲು, ಒಬ್ಬಾಕಿ ಮಗಳು ಹೋದ್ಲು. ಅದಕ್ಕ ದಾದಿಗೆ ನೀರು ಕಾಣಲೇ ಇಲ್ಲ. ನಾನಿಗೆ ನೀರು ಬಿಟ್ಟು ಬ್ಯಾರೆ ಏನೂ ಕಾಣಲಿಲ್ಲ.”

ಕುಟ್ಟಾಣಿ ನಿಂತಿತು. ಮನೆ ಒಡೆಯಿತು ಎಂದೇ ನಾನು ಹೆದರಿದೆ. ದಾದಿ ನಾನಿಯ ಕಡೆ ತಿರುಗಿ, “ಅಷ್ಟು ಅಂಜಿದ್ರೇನ್ರಿ ನೀವು? ನಾ ಒಮ್ಮೆನೂ ಕೇಳಲಿಲ್ಲ ನೋಡ್ರಿ” ಎಂದಳು. ನಾನಿ, “ನೀವು ದಂಡಿ ಮುಟ್ಟೂತನಕ ನಾ ಉಸಿರು ಬಿಟ್ಟಿದ್ದಿಲ್ರಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಪಾ ಪಾಸಾದಳು. ಅಬ್ಬಾ ನಿಕಾಹ್‌ನ ಮಾತು ಎತ್ತಲಿಲ್ಲ. ಮುಂದೆ ಅವಳೂ ಇಂಗ್ಲಿಷ್ ಕಲಿಸುವವಳಾದಳು. ಆ ಮನೆ ಈಗಿಲ್ಲ, ಅಜ್ಜಿಯರೂ ಇಲ್ಲ. ಆ ಸಂಜೆಯ ಮಾತು ಬಂದಾಗಲೆಲ್ಲ ನಾವು ಅಕ್ಕತಂಗಿಯರು ಜಗಳವಾಡುತ್ತಿದ್ದೆವು. ಅತ್ತದ್ದು ನಾನಿಯಲ್ಲ, ದಾದಿ ಎಂಬುದು ಆಪಾಳ ವಾದ. ನಾನು ಸೋಲುತ್ತಿರಲಿಲ್ಲ. ಹೋದ ವರ್ಷ ಆಪಾ ತೀರಿಕೊಂಡಳು. ಇವತ್ತು ನಿಮಗೆ ಇದನ್ನು ಹೇಳುವಾಗ ನಾನಿಯೇ ಅತ್ತಳು ಎಂದೆ. ಅಲ್ಲ ಎನ್ನಲು ಯಾರೂ ಇರಲಿಲ್ಲ.